ಮುಷ್ಟಿ ಬಿಗಿದಾಗ ಒಳಗೇನಾಗುತ್ತೆ?

ಒಂದ್ಸಲ ಮುಷ್ಟಿ ಬಿಗಿ ಹಿಡೀರಿ.
ಆ ಬಿಗಿ ಎಲ್ಲಿಂದ ಬಂತು, ಗೊತ್ತಾ?

ಸ್ನಾಯುಕೋಶದ ಹೊರಗೆ ಸೋಡಿಯಂ ಜಾಸ್ತಿ.
ಹೌದು, ಅಡುಗೆ ಉಪ್ಪಿನಲ್ಲಿರೋದೇ!
ಒಳಗೆ ಪೊಟ್ಯಾಸಿಯಂ ಜಾಸ್ತಿ.
ಸುಮ್ನಿದ್ದಾಗ ಒಳಗಡೆ ಸುಮಾರು ಮೈನಸ್ 90 ಮಿಲಿವೋಲ್ಟ್.
ತುಂಬಿ ನಿಂತ ಅಣೆಕಟ್ಟಿನ ಹಾಗೆ,
ಗೇಟ್ ತೆಗೆಯೋದೊಂದೇ ಬಾಕಿ.

ನರದಿಂದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಬಂತು.
ಗೇಟ್ ತೆರೀತು.
ಸೋಡಿಯಂ ಒಳಗೆ ನುಗ್ತು.
ಮೈನಸ್ ಇದ್ದದ್ದು ಪ್ಲಸ್!
ಪೊಟ್ಯಾಸಿಯಂ ಹೊರಗೆ ಹೋಯ್ತು, ಮತ್ತೆ ಮೈನಸ್.
ಎಲ್ಲಾ ಕೆಲವೇ ಮಿಲಿಸೆಕೆಂಡಲ್ಲಿ.

ಆ ವಿದ್ಯುತ್ ಅಲೆ
ಸಣ್ಣ ಕೊಳವೆಗಳಲ್ಲಿ ಕೋಶದ ಆಳಕ್ಕಿಳಿಯುತ್ತೆ.
ಅಲ್ಲಿ ಕೂಡಿಟ್ಟಿದ್ದ ಕ್ಯಾಲ್ಸಿಯಂ ಹೊರಬರುತ್ತೆ.
ಅದು ಬಂದರೇನೇ
ಕೋಶದೊಳಗಿನ ಎಳೆಗಳು ಒಂದನ್ನೊಂದು ಹಿಡಿದು ಜಗ್ಗೋದು.

ನನಗೆ ತುಂಬಾ ಇಷ್ಟವಾದ ವಿಷಯ ಇಲ್ಲಿದೆ:
ಸ್ನಾಯು ಸಡಿಲ ಆಗೋಕೂ ಶಕ್ತಿ ಬೇಕು!
ಕ್ಯಾಲ್ಸಿಯಂನ ವಾಪಸ್ ತುಂಬೋ ಪಂಪು ಓಡೋದು,
ಎಳೆಗಳು ಹಿಡಿತ ಬಿಡೋದು,
ಎರಡೂ ಕೋಶದ ಇಂಧನವಾದ ಎಟಿಪಿಯಿಂದ.
ಸತ್ತ ಮೇಲೆ ಎಟಿಪಿ ಮುಗಿಯುತ್ತೆ.
ಅದಕ್ಕೇ ದೇಹ ಸೆಟೆದುಕೊಳ್ಳೋದು.