ರೇಷ್ಮೆಹುಳುವಿನ ರೋಗರಕ್ಷೆಯೂ ಕವಲುಕಣಗಳ ಪಕ್ವತೆಯೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿ ಹಿಪ್ಪುನೇರಳೆಯ ಬೇಸಾಯವೂ ರೇಷ್ಮೆಹುಳುವಿನ ಸಾಕಣೆಯೂ ಬಹುಕಾಲದಿಂದ ನೆಲೆಗೊಂಡಿರುವುವು. ಇಲ್ಲಿಯ ಸಾಕಣೆದಾರನಿಗೆ ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ ಎಂಬ ನಾಲ್ಕು ಹೆಸರುಗಳು ಚಿರಪರಿಚಿತವಾದುವು. ಇವುಗಳಲ್ಲೊಂದು ತಟ್ಟೆಗೆ ತಗುಲಿದರೆ, ಹುಳು ಹಣ್ಣಾಗಿ ಚಂದ್ರಿಕೆಯನ್ನೇರುವ ಮೊದಲೇ ಬೆಳೆಯೆಲ್ಲವೂ ಕೈತಪ್ಪಬಹುದು. ಅದೇ ಮನೆಯ ಮಗುವನ್ನು ಗಂಟಲುಮಾರಿ, ನಾಯಿಕೆಮ್ಮುಗಳಿಂದ ಕಾಪಾಡುವುದಕ್ಕೆ ಲಸಿಕೆಯುಂಟು, ಹುಳುವಿಗೆ ಅಂತಹುದೇಕಿಲ್ಲ? ಇದಕ್ಕೆ ಉತ್ತರ ದೊರೆಯಬೇಕಾದರೆ, ಮನುಷ್ಯಶರೀರದ ಒಂದು ಬಗೆಯ ಜೀವಕಣವನ್ನೂ ಅದನ್ನು ಎಚ್ಚರಿಸುವ ಪ್ರೋಟೀನುಗಳನ್ನೂ ಕುರಿತು ವಿಚಾರಮಾಡಬೇಕಾಗುವುದು.

ಹುಳುವಿಗೆ ಸ್ವಂತ ರಕ್ಷಣೆಯೇ ಇಲ್ಲವೆಂದು ಭಾವಿಸಲಾಗದು. ಅದರ ರಕ್ತಕಣಗಳು ರೋಗಾಣುಗಳನ್ನು ನುಂಗಬಲ್ಲುವು. ರಕ್ತರಸದಲ್ಲಿ ಬ್ಯಾಕ್ಟೀರಿಯಗಳ ಹೊರಗೋಡೆಯ ಅಂಶವನ್ನು ಗುರುತಿಸುವ ಪ್ರೋಟೀನೊಂದುಂಟು. ಜಪಾನಿನ ಆಶಿದ ಎಂಬ ವಿದ್ವಾಂಸರೂ ಅವರ ಸಹಚರರೂ ಅದನ್ನು ರೇಷ್ಮೆಹುಳುವಿನಿಂದಲೇ ಮೊದಲು ಬೇರ್ಪಡಿಸಿ 1996ರಲ್ಲಿ ಪ್ರಕಟಪಡಿಸಿದರು. ರೋಗಾಣು ಒಳಹೊಕ್ಕಾಗ ಇಂತಹ ಪ್ರೋಟೀನುಗಳು ಸರಪಣಿಯ ಕೊಂಡಿಗಳಂತೆ ಒಂದನ್ನೊಂದು ಪ್ರೇರಿಸುವುವು. ಆಮೇಲೆ ಸಂದೇಶವು ಜೀವಕಣದ ಮೇಲಿರುವ ‘ಟೋಲ್’ ಎಂಬ ಗ್ರಾಹಕವನ್ನು ಮುಟ್ಟುವುದು. ಆಗ ಹುಳುವಿನೊಳಗಿನ ಕೊಬ್ಬಿನ ಅಂಗವು ರೋಗಾಣುನಾಶಕ ಪದಾರ್ಥಗಳನ್ನು ತಯಾರಿಸಿ ರಕ್ತಕ್ಕೆ ಬಿಡುವುದು.

ಈ ಟೋಲ್ ಗ್ರಾಹಕದ ಮಹತ್ವವು ಹಣ್ಣಿನ ನೊಣದಲ್ಲಿ ಸ್ಪಷ್ಟವಾಯಿತು. ಟೋಲ್ ಕೆಟ್ಟ ನೊಣಗಳು ಬೂಷ್ಟಿನ ಸೋಂಕನ್ನು ತಡೆಯಲಾರದೆ ಸಾಯುವುವೆಂದು ಫ್ರಾನ್ಸಿನಲ್ಲಿ ಜೂಲ್ ಹಾಫ್‌ಮನ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಇಲಿಗಳಲ್ಲಿಯೂ ಅದನ್ನೇ ಹೋಲುವ ಗ್ರಾಹಕವೊಂದು ಬ್ಯಾಕ್ಟೀರಿಯದ ವಿಷಾಂಶವನ್ನು ಅರಿಯುವುದೆಂದು ಬ್ರೂಸ್ ಬಾಯ್ಟ್ಲರ್ 1998ರಲ್ಲಿ ಕಂಡರು. ಹೀಗೆ ಹುಳುವಿಗೂ ಮನುಷ್ಯನಿಗೂ ಎಚ್ಚರಿಕೆಯ ಗಂಟೆ ಒಂದೇ ಕುಲದ್ದು. ಭೇದವಿರುವುದು ಗಂಟೆಯ ದನಿಯನ್ನು ಕೇಳಿದವರು ಮುಂದೆ ಮಾಡುವ ಕೆಲಸದಲ್ಲಿ.

ಮನುಷ್ಯನಲ್ಲಿ ಈ ಗ್ರಾಹಕಗಳನ್ನು ಹೊತ್ತಿರುವವುಗಳಲ್ಲಿ ಡೆಂಡ್ರೈಟಿಕ್ ಕಣವು ಮುಖ್ಯವಾದುದು. ಮರದ ಕವಲುಗಳಂತೆ ಚಾಚುಗಳಿರುವುದರಿಂದ ಇದನ್ನು ಕವಲುಕಣವೆನ್ನಬಹುದು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾನಿಲಯದ ರಾಲ್ಫ್ ಸ್ಟೈನ್‌ಮನ್, ಜಾನ್ವಿಲ್ ಕೋನ್ ಎಂಬವರು 1973ರಲ್ಲಿ ಇಲಿಯ ಪ್ಲೀಹದಲ್ಲಿ ಇದನ್ನು ಕಂಡುಹಿಡಿದರು. ಚರ್ಮ, ಶ್ವಾಸಕೋಶ, ಕರುಳು ಮುಂತಾದ ಗಡಿಸ್ಥಾನಗಳಲ್ಲಿ ಇದು ಅಪಕ್ವಸ್ಥಿತಿಯಲ್ಲಿದ್ದು ಸುತ್ತಣ ವಸ್ತುಗಳನ್ನು ನುಂಗಿ ಪರೀಕ್ಷಿಸುತ್ತಿರುವುದು. ರೋಗಾಣುವಿನ ಅಂಶ ಗ್ರಾಹಕಕ್ಕೆ ತಗುಲಿತೆಂದರೆ ನುಂಗುವಿಕೆ ತಗ್ಗುವುದು. ನುಂಗಿದುದರ ತುಣುಕುಗಳು ಮೇಲ್ಮೈಯಲ್ಲಿ ಪ್ರದರ್ಶಿತವಾಗುವುವು. ಸಿಡಿ80, ಸಿಡಿ86 ಎಂಬ ಸಹಾಯಕ ಪ್ರೋಟೀನುಗಳು ಹೆಚ್ಚುವುವು. ಬಳಿಕ ಕಣವು ದುಗ್ಧಗ್ರಂಥಿಗೆ ಪ್ರಯಾಣಮಾಡಿ ಅಲ್ಲಿನ ಟಿ ಕಣಗಳಿಗೆ ವಾರ್ತೆಯನ್ನೊಪ್ಪಿಸುವುದು. ಈ ಮಾರ್ಪಾಟಿಗೇ ಪಕ್ವತೆಯೆಂದು ಹೆಸರು.

ಪಕ್ವತೆಯನ್ನು ನಡೆಸುವ ಮತ್ತು ತಡೆಯುವ ಸಂದೇಶ ಪ್ರೋಟೀನುಗಳು ಹಲವುಂಟು, ಇವನ್ನು ಸೈಟೊಕೈನುಗಳೆನ್ನುವರು. ಟಿಎನ್‌ಎಫ್ ಎಂಬುದು ಕವಲುಕಣವನ್ನು ಪಕ್ವಗೊಳಿಸುವುದು, ವೈರಸ್ಸು ಹೊಕ್ಕಾಗ ಹುಟ್ಟುವ ಇಂಟರ್‌ಫೆರಾನು ಅದಕ್ಕೆ ನೆರವಾಗುವುದು, ಇಂಟರ್‌ಲ್ಯೂಕಿನ್-10 ಅಡ್ಡಿಮಾಡುವುದು. ಪಕ್ವವಾದ ಕಣವು ಇಂಟರ್‌ಲ್ಯೂಕಿನ್-12ನ್ನು ಸ್ರವಿಸಿದರೆ, ಜೀವಕಣಗಳೊಳಗೆ ಅಡಗಿರುವ ರೋಗಾಣುಗಳ ಮೇಲೆ ಹೋರಾಡತಕ್ಕ ಟಿ ಕಣಗಳು ಸಿದ್ಧವಾಗುವುವು. ಅಪಕ್ವ ಕಣವು ಸಹಾಯಕ ಪ್ರೋಟೀನುಗಳಿಲ್ಲದೆ ತುಣುಕನ್ನು ತೋರಿದರಾದರೋ, ಟಿ ಕಣವು ಸಾಮಾನ್ಯವಾಗಿ ಸುಮ್ಮನಾಗುವುದು. ಶರೀರವು ತನ್ನ ಮೇಲೆ ತಾನೇ ಬೀಳದಿರಲು ಇದೂ ಒಂದು ಕಾರಣ. ಲಸಿಕೆಯ ಗುಟ್ಟೂ ಇಲ್ಲಿಯೇ ಇರುವುದು: ಅದು ಕವಲುಕಣವನ್ನು ಪಕ್ವಗೊಳಿಸಿ, ಅದರ ಮೂಲಕ ರೋಗಾಣುವಿನ ಗುರುತನ್ನು ದೀರ್ಘಕಾಲ ನೆನಪಿಡುವ ಕಣಗಳನ್ನು ಬೆಳೆಸುವುದು. ಹಾಫ್‌ಮನ್, ಬಾಯ್ಟ್ಲರ್, ಸ್ಟೈನ್‌ಮನ್ ಮೂವರಿಗೂ 2011ರ ನೊಬೆಲ್ ಪಾರಿತೋಷಕವು ಒಟ್ಟಿಗೆ ಸಂದುದು ಈ ಸಂಬಂಧಕ್ಕೆ ತಕ್ಕುದೇ ಆಗಿತ್ತು.

ರೇಷ್ಮೆಹುಳುವಿನಲ್ಲಿ ಗಂಟೆಯುಂಟು, ವಾರ್ತೆಯನ್ನೊಯ್ಯುವ ಕವಲುಕಣವಿಲ್ಲ, ವಾರ್ತೆಯನ್ನು ಕೇಳುವ ಟಿ ಕಣವಿಲ್ಲ, ಪ್ರತಿಕಾಯಗಳೂ ಇಲ್ಲ. ಸೋಂಕಿನಿಂದ ಉಳಿದ ಕೆಲವು ಕೀಟಗಳಲ್ಲಿ ಸ್ವಲ್ಪಕಾಲ ಎಚ್ಚರ ಹೆಚ್ಚಿರುವುದು ಕಂಡುಬಂದಿದ್ದರೂ, ಅದು ಲಸಿಕೆಯಿಂದ ಮಗುವಿಗೆ ದೊರೆಯುವ ನೆನಪಿಗೆ ಸಮನಲ್ಲ. ಸುಮಾರು ಒಂದು ತಿಂಗಳಲ್ಲಿ ಗೂಡು ಕಟ್ಟಿ ಮುಗಿಸುವ ಹುಳುವಿಗೆ ನೆನಪನ್ನು ಬೆಳೆಸಲು ಅವಕಾಶವಾದರೂ ಎಲ್ಲಿ?

ಆದುದರಿಂದ ಹುಳುವಿನ ಶರೀರವು ಮಾಡಲಾರದ ಕೆಲಸವನ್ನು ಸಾಕಣೆದಾರನು ಹೊರಗಿನಿಂದ ಮಾಡಬೇಕಾಗಿದೆ. ಗಂಟುರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೇ ಇಳಿಯುವುದು. ಲೂಯಿ ಪಾಶ್ಚರರು 1865ರಿಂದ ಫ್ರಾನ್ಸಿನಲ್ಲಿ ಈ ರೋಗವನ್ನು ಪರಿಶೀಲಿಸಿ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನು ನಾಶಪಡಿಸುವ ಪದ್ಧತಿಯನ್ನು ನಿರೂಪಿಸಿದರು. ಮಾಗಡಿಯ ಸೀಮೆಯು ಮೈಸೂರು ತಳಿಯ ಬಿತ್ತನೆಗೂಡಿಗೆ ಪ್ರಸಿದ್ಧವಾದುದು. ಆ ತಳಿಯ ಹೆಣ್ಣುಚಿಟ್ಟೆಯೇ ಮಿಶ್ರತಳಿಯ ಮೊಟ್ಟೆಗಳಿಗೆ ತಾಯಿ. ಅಲ್ಲಿ ಒಂದು ಚಿಟ್ಟೆಯ ಪರೀಕ್ಷೆ ತಪ್ಪಿದರೆ, ರಾಮನಗರದ ಮಾರುಕಟ್ಟೆಗೆ ಬರಬೇಕಾದ ಗೂಡು ಕನಕಪುರದ ಯಾವುದೋ ಮನೆಯ ತಟ್ಟೆಯಲ್ಲಿಯೇ ಹಾಳಾದೀತು. ಸಾಕಣೆಮನೆಯನ್ನು ಬ್ಲೀಚಿಂಗ್ ಪುಡಿಯಿಂದ ಶುದ್ಧಿಮಾಡುವುದು, ಹಾಸಿಗೆಗೆ ಸುಣ್ಣ ಉದುರಿಸುವುದು, ರೋಗದ ಹುಳುವನ್ನು ಆರಿಸಿ ತೆಗೆಯುವುದು, ಪರೀಕ್ಷಿತವಾದ ಮೊಟ್ಟೆಯನ್ನೇ ಕೊಳ್ಳುವುದು, ಇವು ವೃಥಾ ಕಟ್ಟುಪಾಡುಗಳಲ್ಲ. ಕವಲುಕಣವಿಲ್ಲದ ಜೀವಿಗೆ ಮನುಷ್ಯನು ಒದಗಿಸಬಲ್ಲ ರೋಗರಕ್ಷೆ ಇವೇ.