ಹಳೆಯ ಮೋಟಾರಿನ ಹೊಸ ಖರ್ಚು

ಹೊಸದರಲ್ಲಿ ಕೋಟಿ ರೂಪಾಯಿಯ ಆಸುಪಾಸಿನಲ್ಲಿ ಮಾರಾಟವಾಗುತ್ತಿದ್ದ ರೇಂಜ್ ರೋವರ್ ಗಾಡಿ, ಹದಿಮೂರು ವರ್ಷ ಕಳೆದ ಮೇಲೆ ಹನ್ನೆರಡು ಲಕ್ಷಕ್ಕೆ ದೊರೆಯುತ್ತದೆಂದರೆ ಯಾರ ಮನಸ್ಸು ತಾನೆ ಚಂಚಲವಾಗದು? ನನ್ನ ಸೋದರಳಿಯನ ಮನಸ್ಸೂ ಆಯಿತು. 2010ನೆಯ ಇಸವಿಯ ಗಾಡಿಯೊಂದನ್ನು ಅವನು 2023ರಲ್ಲಿ ಕೊಂಡನು. ಮನೆಯ ಮೇಲೆ ಮಹಡಿ ಕಟ್ಟಿಸಲೆಂದು ಕೂಡಿಟ್ಟ ಹಣ ಅದು. ತಮ್ಮಲ್ಲಿಯೂ ಯಾರಿಗಾದರೂ ಇಂಥ ಆಲೋಚನೆ ಇದ್ದೀತೆಂದು ಈ ನಾಲ್ಕು ಮಾತು. ನಾನು ಯಂತ್ರ ಬಲ್ಲವನಲ್ಲ, ಹಳಗನ್ನಡ ಪಾಠ ಹೇಳುವವನು; ಆದರೆ ರಿಪೇರಿಯ ಬಿಲ್ಲುಗಳನ್ನು ಓದುವುದಕ್ಕೆ ಅಷ್ಟು ಪಾಂಡಿತ್ಯ ಸಾಕು.

ಮೊದಲು ತಿಳಿಯಬೇಕಾದುದು ಇಷ್ಟು: ಗಾಡಿಯ ಬೆಲೆ ವರ್ಷ ವರ್ಷಕ್ಕೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಹಾಗೆ ಇಳಿಯುವುದಿಲ್ಲ. ಹನ್ನೆರಡು ಲಕ್ಷದ ಗಾಡಿ ಬೇಡುವುದು ಕೋಟಿಯ ಗಾಡಿಯ ಆರೈಕೆಯನ್ನೇ. ಸಣ್ಣ ಕಾರಿಗೆ ಮೂರು ನಾಲ್ಕು ಲೀಟರ್ ಎಂಜಿನ್ ಆಯಿಲ್ ಸಾಕಾದರೆ, ಎಂಟು ಸಿಲಿಂಡರಿನ ಈ ಡೀಸೆಲ್ ಎಂಜಿನ್ನಿಗೆ ಅದರ ಇಮ್ಮಡಿಗೂ ಮೇಲೆ ಬೇಕು.

ಅಳಿಯನ ನಿಜವಾದ ಪಾಡು ಶುರುವಾದದ್ದು ಸಸ್ಪೆನ್ಷನ್ನಿನಲ್ಲಿ. ಈ ಗಾಡಿಯ ನಾಲ್ಕು ಚಕ್ರಗಳ ಬಳಿ ಉಕ್ಕಿನ ಸ್ಪ್ರಿಂಗುಗಳಿಲ್ಲ. ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ಅವಕ್ಕೆ ಗಾಳಿ ಒದಗಿಸಲು ಒಂದು ಕಂಪ್ರೆಸರು. ವಯಸ್ಸಾದಂತೆ ರಬ್ಬರ್ ಬಿರಿಯುತ್ತದೆ, ಗಾಳಿ ಸೋರುತ್ತದೆ. ಸೋರಿದಷ್ಟನ್ನೂ ತುಂಬಲು ಕಂಪ್ರೆಸರು ಬಿಡುವಿಲ್ಲದೆ ದುಡಿದು, ಕಾದು, ಕೊನೆಗೆ ಸುಟ್ಟುಹೋಗುತ್ತದೆ. ಬೆಳಗ್ಗೆ ನೋಡಿದರೆ ಗಾಡಿಯ ಒಂದು ಮಗ್ಗುಲು ಕುಸಿದಿರುತ್ತಿತ್ತು. “ಸ್ಟಾರ್ಟ್ ಮಾಡಿದರೆ ಎದ್ದು ನಿಲ್ಲುತ್ತದಲ್ಲ ಮಾವ, ಏನೂ ಆಗಿಲ್ಲ” ಎಂದ. ಎರಡು ತಿಂಗಳಲ್ಲಿ ಅದು ಏಳಲಿಲ್ಲ. ಮೂವತ್ತು ಸಾವಿರದ ಒಂದು ಚೀಲದಲ್ಲಿ ಮುಗಿಯಬಹುದಾಗಿದ್ದ ಕೆಲಸ, ಎರಡು ಚೀಲ, ಕಂಪ್ರೆಸರು, ಕೂಲಿ ಸೇರಿ ಒಂದು ಲಕ್ಷ ನಲವತ್ತು ಸಾವಿರಕ್ಕೆ ಏರಿತು. ಸೋಪಿನ ನೀರು ಚಿಮುಕಿಸಿ ಎಲ್ಲಿ ಗುಳ್ಳೆ ಏಳುತ್ತದೆಂದು ನೋಡಿದ್ದರೆ ಮೊದಲೇ ತಿಳಿಯುತ್ತಿತ್ತು! ಕೊಳ್ಳುವ ಮುನ್ನ ಗಾಡಿಯನ್ನು ಒಂದು ರಾತ್ರಿ ನಿಂತಲ್ಲೇ ಬಿಡಿಸಿ, ಬೆಳಗ್ಗೆ ನಾಲ್ಕು ಮೂಲೆಯ ಎತ್ತರವನ್ನೂ ಅಳೆದು ನೋಡಿರಿ.

ಗೇರ್‌ಬಾಕ್ಸಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ಇದರ ಆಯಿಲ್ ಗಾಡಿಯ ಆಯುಷ್ಯಪರ್ಯಂತ ಬಾಳುತ್ತದೆ, ಬದಲಿಸಬೇಕಿಲ್ಲ ಎಂಬ ಮಾತು ಬಹಳ ಕಾಲ ಚಲಾವಣೆಯಲ್ಲಿತ್ತು. ಆದರೆ ಆ ಆರು ಗೇರಿನ ಪೆಟ್ಟಿಗೆಯನ್ನು ತಯಾರಿಸಿದ ಜರ್ಮನಿಯ ಜ಼ಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ ಬದಲಿಸಬೇಕೆಂದು ಹೇಳುತ್ತದೆ. ಯಾರ ಆಯುಷ್ಯವೆಂದು ಕೇಳುವುದು ಒಳ್ಳೆಯದು.

ಬ್ರೇಕ್ ಆಯಿಲನ್ನು ಮಾತ್ರ ಹಣದ ಲೆಕ್ಕದಲ್ಲಿ ನೋಡಬೇಡಿರಿ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ಬಗೆಯದು ಹೊಸದಿದ್ದಾಗ ಕುದಿಯಲು ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ 155ರ ಸುಮಾರಿಗೆ ಇಳಿಯಬಹುದು. ಎರಡೂವರೆ ಟನ್ನಿಗೂ ಹೆಚ್ಚು ತೂಗುವ ಗಾಡಿ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕು ಕಾದು ಆಯಿಲ್ ಕುದಿದರೆ, ಆವಿಯ ಗುಳ್ಳೆಗಳಿಂದ ಪೆಡಲು ಬರಿದೆ ಕೆಳಗಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲು ಆಗುವ ಖರ್ಚು ಈ ಗಾಡಿಯ ಬಿಲ್ಲುಗಳಲ್ಲೆಲ್ಲ ಚಿಕ್ಕದು.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹೂವು ಸವೆದಿಲ್ಲವೆಂದು ಮಾರುವವನು ತೋರಿಸಿದರೂ ಆ ಅಂಕಿ ಓದದೆ ಬಿಡಬೇಡಿ.

ಇನ್ನು ಸರ್ಕಾರದ ಬಾಬತ್ತು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. ಅಳಿಯನ ಗಾಡಿಗೆ 2025ರಲ್ಲಿ ಆ ಸರದಿಯೂ ಬಂದಿತು. ಈಗ ಅವನು ಗಾಡಿಗೆಂದೇ ತಿಂಗಳಿಗೆ ಹತ್ತು ಸಾವಿರ ಬೇರೆ ತೆಗೆದಿಡುತ್ತಾನೆ, ಬೆಳಗ್ಗೆ ಎದ್ದವನೇ ನಾಲ್ಕು ಮೂಲೆ ನೋಡುತ್ತಾನೆ. ಮಹಡಿಯ ಕಂಬಿಗಳು ಮಾತ್ರ ಇನ್ನೂ ಆಕಾಶ ನೋಡುತ್ತಿವೆ.