ಊರಿನ ನೆಟ್‌ವರ್ಕ್‌ನಲ್ಲೂ ನಿಲ್ಲದ ವಿಡಿಯೋ

ವೆಬ್‌ಸೈಟಿಗೆ ವಿಡಿಯೋ ಹಾಕೋದು ಸುಲಭ: ಒಂದು ಎಂಪಿ4 ಫೈಲು, ಒಂದು ವಿಡಿಯೋ ಟ್ಯಾಗ್, ಮುಗೀತು. ಆದರೆ ಆಫೀಸಿನ ವೈಫೈನಲ್ಲಿ ಸರಾಗವಾಗಿ ಓಡುವ ಅದೇ ವಿಡಿಯೋ, ಟವರ್ ಸರಿಯಾಗಿ ಸಿಗದ ಊರಲ್ಲಿ ಅಮ್ಮನ ಫೋನಿನಲ್ಲಿ ಸುತ್ತುತ್ತಲೇ ಇರುತ್ತೆ. ಫೈಲಿಗೆ ಇರೋದು ಒಂದೇ ಗುಣಮಟ್ಟ. ನೆಟ್ ನಿಧಾನವಾದರೂ ಅದು ತಗ್ಗೋದಿಲ್ಲ.

ಇದಕ್ಕೊಂದು ದಾರಿ, ಆ್ಯಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಿಂದ ಒಂದೇ ವಿಡಿಯೋವನ್ನು 240ಪಿ, 480ಪಿ, 720ಪಿ ಹೀಗೆ ತಯಾರಿಸಿ, ಪ್ರತಿಯೊಂದನ್ನೂ ಸುಮಾರು 6 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ. ಎಲ್ಲದರಲ್ಲೂ ಕೀಫ್ರೇಮ್ ಒಂದೇ ಜಾಗದಲ್ಲಿರಲಿ. ಯಾವ ತುಂಡು ಎಲ್ಲಿದೆ ಅನ್ನೋ ಪಟ್ಟಿಯೇ ಎಂ3ಯು8 ಫೈಲು.

ಒಂದು ತುಂಡು ಎಷ್ಟು ಬೇಗ ಬಂತು ಅಂತ ಪ್ಲೇಯರ್ ಅಳೆದು, ಮುಂದಿನದನ್ನು ಯಾವ ಗುಣಮಟ್ಟದಲ್ಲಿ ತರಬೇಕೆಂದು ತಾನೇ ನಿರ್ಧರಿಸುತ್ತೆ. ಚಿತ್ರ ಸ್ವಲ್ಪ ಮಸುಕಾಗಬಹುದು, ಮಾತು ನಿಲ್ಲೋದು ಕಮ್ಮಿ. ಸಫಾರಿ ಇದನ್ನು ನೇರವಾಗಿ ಓಡಿಸುತ್ತೆ. ಫೈರ್‌ಫಾಕ್ಸ್‌ನಂಥ ಕಡೆ ಎಚ್‌ಎಲ್‌ಎಸ್ ಡಾಟ್ ಜೆಎಸ್ ಲೈಬ್ರರಿ ಸೇರಿಸಿಕೊಳ್ಳಿ.

ಕೊನೆಗೆ, ಕ್ರೋಮ್‌ನ ಡೆವ್‌ಟೂಲ್ಸ್ ತೆರೆದು, ನೆಟ್‌ವರ್ಕ್ ಟ್ಯಾಬಿನಲ್ಲಿ ವೇಗವನ್ನು 3ಜಿಗೆ ಇಳಿಸಿ ನೋಡಿ. ಡೆಮೊದಲ್ಲಿ ಮೆಚ್ಚುಗೆ ಸಿಗೋದು 720ಪಿಗೆ. ಆದರೆ ದಿನದ ಡೇಟಾ ಲೆಕ್ಕ ಹಾಕಿ ನೋಡುವವರ ಕೈ ಹಿಡಿಯೋದು 240ಪಿ. ಅದನ್ನು ಮಾತ್ರ ಬಿಡಬೇಡಿ.